ಸಂಕೇತದಿಂದ ಅರ್ಥದತ್ತ: ಮಾಧ್ಯಮ ಅಧ್ಯಯನ ಬೆಳೆದು ಬಂದ ದಾರಿ

1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಕ್ಲಾಡ್ ಶ್ಯಾನನ್ ಸಂವಹನದ ಗಣಿತೀಯ ಸಿದ್ಧಾಂತವನ್ನು ಪ್ರಕಟಿಸಿದರು. ಒಂದು ತುದಿಯಿಂದ ಕಳುಹಿಸಿದ ಸಂದೇಶ ಗದ್ದಲದ ನಡುವೆಯೂ ಇನ್ನೊಂದು ತುದಿಯನ್ನು ಸರಿಯಾಗಿ ತಲುಪುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಂದೇಶದ ಅರ್ಥ ಈ ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲ ಎಂದು ಅವರು ಆರಂಭದಲ್ಲೇ ಹೇಳಿದ್ದರು. ಹಾಗೆ ಅರ್ಥವನ್ನು ಬದಿಗಿಟ್ಟಿದ್ದರಿಂದಲೇ ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುವುದು ಸಾಧ್ಯವಾಯಿತು. ಇಂದಿನ ಮೊಬೈಲ್, ಅಂತರಜಾಲಗಳು ಆ ಸಿದ್ಧಾಂತಕ್ಕೆ ಋಣಿಯಾಗಿವೆ.

ಹಾಗಾದರೆ ಬದಿಗಿಟ್ಟ ಪ್ರಶ್ನೆ ಏನಾಯಿತು? ಅದನ್ನು ಕೈಗೆತ್ತಿಕೊಂಡದ್ದು ಮಾಧ್ಯಮ, ಸಂಸ್ಕೃತಿ, ತಂತ್ರಜ್ಞಾನಗಳನ್ನು ಒಟ್ಟಿಗೆ ನೋಡುವ ಅಧ್ಯಯನ ಶಾಖೆ. ಇದರ ಬೇರುಗಳಲ್ಲಿ ಒಂದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಆರ್ಥಿಕ ಇತಿಹಾಸಕಾರ ಹೆರಾಲ್ಡ್ ಇನ್ನಿಸ್ ಮೊದಲು ತುಪ್ಪಳದ ವ್ಯಾಪಾರ ಮತ್ತು ಮೀನುಗಾರಿಕೆಯ ಚರಿತ್ರೆ ಬರೆದವರು. ಮರದ ತಿರುಳು, ಕಾಗದಗಳ ಜಾಡು ಹಿಡಿದು ಅವರು ಪತ್ರಿಕೆಗಳತ್ತ ಬಂದರು. ಕಲ್ಲಿನ ಬರಹ ಬಹುಕಾಲ ಬಾಳುತ್ತದೆ. ಕಾಗದದ ಬರಹ ಬಹುದೂರ ಸಾಗುತ್ತದೆ. ಈ ವ್ಯತ್ಯಾಸ ಸಾಮ್ರಾಜ್ಯಗಳ ಸ್ವರೂಪವನ್ನೇ ಪ್ರಭಾವಿಸಿದೆ ಎಂದು 1950ರ ಗ್ರಂಥದಲ್ಲಿ ವಾದಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಬೋಧಿಸುತ್ತಿದ್ದ ಮಾರ್ಷಲ್ ಮೆಕ್‌ಲುಹಾನ್ 1963ರಲ್ಲಿ ಸಂಸ್ಕೃತಿ ಮತ್ತು ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಮಾಧ್ಯಮ ಹೊತ್ತು ತರುವ ವಿಷಯಕ್ಕಿಂತ ಮಾಧ್ಯಮವೇ ಸಮಾಜವನ್ನು ಹೆಚ್ಚು ಬದಲಿಸುತ್ತದೆ ಎಂಬುದು ಅವರ ನಿಲುವು.

ಇದನ್ನು ಕೇಂಬ್ರಿಡ್ಜ್‌ನ ರೇಮಂಡ್ ವಿಲಿಯಮ್ಸ್ ಒಪ್ಪಲಿಲ್ಲ. ಟೆಲಿವಿಷನ್ ಕುರಿತ 1974ರ ತಮ್ಮ ಪುಸ್ತಕದಲ್ಲಿ ಅವರು ಬ್ರಿಟನ್ ಮತ್ತು ಅಮೆರಿಕದ ಪ್ರಸಾರ ವ್ಯವಸ್ಥೆಗಳನ್ನು ಹೋಲಿಸಿದರು. ಎರಡೂ ದೇಶಗಳ ರೇಡಿಯೊ ತರಂಗಗಳ ಭೌತವಿಜ್ಞಾನ ಒಂದೇ. ಆದರೂ ಬ್ರಿಟನ್‌ನಲ್ಲಿ 1922ರಿಂದ ಪರವಾನಗಿ ಶುಲ್ಕದ ಮೇಲೆ ಬಿಬಿಸಿ ಬೆಳೆಯಿತು. ಅಮೆರಿಕದಲ್ಲಿ ಜಾಹೀರಾತಿನ ಹಣದಿಂದ ನಡೆಯುವ ಖಾಸಗಿ ಕೇಂದ್ರಗಳು ಬೆಳೆದವು. ಯಂತ್ರ ಒಂದೇ ಆದರೂ ಬಳಕೆ ಹೇಗಿರಬೇಕೆಂದು ತೀರ್ಮಾನಿಸಿದ್ದು ಸಮಾಜ.

ಮೂರನೆಯ ಹೆಜ್ಜೆ ನೋಡುಗನದು. 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಹೊಗಾರ್ಟ್ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಅವರ ನಂತರ ಅದನ್ನು ಮುನ್ನಡೆಸಿದ, ಜಮೈಕದಲ್ಲಿ ಹುಟ್ಟಿದ ಸ್ಟುವರ್ಟ್ ಹಾಲ್ 1973ರಲ್ಲಿ ಒಂದು ಮಹತ್ವದ ಪ್ರಬಂಧ ಬರೆದರು. ಕಾರ್ಯಕ್ರಮ ತಯಾರಿಸಿದವರು ಅದರಲ್ಲಿ ಅಡಗಿಸಿದ ಅರ್ಥವನ್ನು ನೋಡುಗರು ಒಪ್ಪಬಹುದು, ಭಾಗಶಃ ಒಪ್ಪಬಹುದು ಅಥವಾ ತಿರಸ್ಕರಿಸಬಹುದು ಎಂಬುದು ಅದರ ಸಾರ. ಡೇವಿಡ್ ಮಾರ್ಲಿ ಇದನ್ನು ಪರೀಕ್ಷಿಸಲು ಬಿಬಿಸಿಯ ಕಾರ್ಯಕ್ರಮವೊಂದನ್ನು 29 ಗುಂಪುಗಳಿಗೆ ತೋರಿಸಿ, ಫಲಿತಾಂಶವನ್ನು 1980ರಲ್ಲಿ ಪ್ರಕಟಿಸಿದರು. ಬ್ಯಾಂಕ್ ವ್ಯವಸ್ಥಾಪಕರೂ ಕಾರ್ಮಿಕ ಸಂಘದವರೂ ಅದನ್ನು ಅರ್ಥೈಸಿಕೊಂಡ ಬಗೆ ಬೇರೆ ಬೇರೆಯಾಗಿತ್ತು. ಸಂಕೇತದಲ್ಲಿ ಯಾವ ದೋಷವೂ ಇರಲಿಲ್ಲ.

ಈ ಚರ್ಚೆ ಅಲ್ಲಿ ಬಿಸಿಯಾಗಿದ್ದ ಕಾಲದಲ್ಲೇ ಭಾರತದಲ್ಲಿ ಸೈಟ್ ಪ್ರಯೋಗ ನಡೆಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿತು. ಕರ್ನಾಟಕದ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಆಂಟೆನಾ ನಿಲ್ಲಿಸಿದ ಎಂಜಿನಿಯರುಗಳ ಜೊತೆಗೆ ಸಮಾಜವಿಜ್ಞಾನಿಗಳೂ ಈ ಪ್ರಯೋಗದಲ್ಲಿದ್ದರು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಂಗಿ ಜನರ ಬದುಕನ್ನು ಅಧ್ಯಯನ ಮಾಡಿದರು. ಚಿತ್ರ ಸ್ಪಷ್ಟವಾಗಿ ಬಂದರೆ ಸಾಲದು, ಅದು ಯಾರಿಗೆ ಏನನ್ನು ತಿಳಿಸಿತು ಎಂಬುದೂ ಪ್ರಯೋಗದ ಭಾಗವೇ ಎಂಬ ಅರಿವು ಅಲ್ಲಿತ್ತು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಕೇಂದ್ರದ ಮುಂದುವರಿಕೆಯಾಗಿದ್ದ ವಿಭಾಗವನ್ನು 2002ರಲ್ಲಿ ಮುಚ್ಚಲಾಯಿತು. ಸಂಶೋಧನಾ ಮೌಲ್ಯಮಾಪನದಲ್ಲಿ ನಿರೀಕ್ಷಿಸಿದ ಶ್ರೇಣಿ ದೊರೆಯದಿದ್ದುದೇ ಅದಕ್ಕೆ ಹಿನ್ನೆಲೆ. ಅರ್ಥವನ್ನು ಹುಡುಕಹೊರಟ ಶಾಖೆಯ ಭವಿಷ್ಯ ಒಂದು ಅಂಕಿಯಿಂದ ನಿರ್ಧಾರವಾಯಿತು. ಅದು ಎತ್ತಿದ ಪ್ರಶ್ನೆಗಳು ಮಾತ್ರ ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಉಳಿದುಕೊಂಡಿವೆ.

ಮಾರ್ಲಿಯ ಪ್ರಯೋಗಕ್ಕೆ ದುಬಾರಿ ಉಪಕರಣ ಬೇಕಿಲ್ಲ. ರೇಡಿಯೊ ತರಂಗಗಳ ಪಾಠ ಮುಗಿದ ದಿನ ಅಧ್ಯಾಪಕರು ಇಡೀ ತರಗತಿಗೆ ಒಂದೇ ವಾರ್ತೆಯನ್ನು ಕೇಳಿಸಲಿ. ಕೇಳಿದ್ದೇನೆಂದು ಪ್ರತಿಯೊಬ್ಬರೂ ಬರೆಯಲಿ. ಎಲ್ಲರ ಕಿವಿಗೂ ತಲುಪಿದ ಸಂಕೇತ ಒಂದೇ. ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ, ಶ್ಯಾನನ್ ಬದಿಗಿಟ್ಟ ಪ್ರಶ್ನೆ ತರಗತಿಯಲ್ಲೇ ಎದುರಾಗುತ್ತದೆ.