ಮಗುವಿನ ಸುಪರ್ದಿ ಮತ್ತು ಶಾಲೆಯ ಕ್ಯಾಲೆಂಡರು: ಒಂದು ತೀರ್ಪಿನ ಮರುಓದು

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ದಾರಿ ಮಾಡಿಕೊಟ್ಟ 13ಬಿ ಕಲಂ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರ ತಿದ್ದುಪಡಿಯಲ್ಲಿ. ದಂಪತಿ ಒಂದು ವರ್ಷ ಬೇರೆಯಾಗಿದ್ದಿರಬೇಕು, ಇನ್ನು ಕೂಡಿ ಬಾಳಲಾಗದೆಂದು ಇಬ್ಬರೂ ಒಪ್ಪಿರಬೇಕು ಎನ್ನುವ ಈ ಕಲಂ ಮಕ್ಕಳ ಮಾತನ್ನೇ ಎತ್ತುವುದಿಲ್ಲ. ಆ ವಿಚಾರ ಇರುವುದು 26ನೆಯ ಕಲಮಿನಲ್ಲಿ. ಒಪ್ಪಂದಪತ್ರದಲ್ಲಿ ಜೀವನಾಂಶ, ಒಡವೆ, ಮನೆಯ ಪಾಲುಗಳೆಲ್ಲ ವಿವರವಾಗಿ ಬಂದು, ಮಗುವಿನ ಬದುಕು ಮಾತ್ರ ‘ಸುಪರ್ದಿ ತಾಯಿಗೆ, ಭೇಟಿ ತಂದೆಗೆ’ ಎಂಬ ಒಂದೇ ಸಾಲಿನಲ್ಲಿ ಮುಗಿದುಬಿಡಲು ಕಾನೂನಿನ ಈ ರಚನೆಯೇ ಅವಕಾಶ ಕೊಡುತ್ತದೆ. ಮಗುವಿನ ಹಿತ ನಿಂತಿರುವುದು ಆ ಸಾಲನ್ನು ಎಷ್ಟು ಬಿಡಿಸಿ ಬರೆಯುತ್ತೇವೆ ಎಂಬುದರ ಮೇಲೆ ಎನ್ನುವುದು ಈ ಲೇಖನದ ವಾದ.

ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2013ರಲ್ಲಿ ಕೊಟ್ಟ ಒಂದು ತೀರ್ಪು ಇಲ್ಲಿ ಮುಖ್ಯ. ಜನವರಿಯಿಂದ ಜೂನ್‌ವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ; ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ; ಓದಿನ ಖರ್ಚು ಸಮಪಾಲು; ದೂರವಾಣಿ, ವಿಡಿಯೋ ಸಂಪರ್ಕಕ್ಕೆ ಅಡ್ಡಿಯಿಲ್ಲ. ಜಂಟಿ ಸುಪರ್ದಿಯ ಕಲ್ಪನೆಗೆ ಇಷ್ಟು ನಿರ್ದಿಷ್ಟ ರೂಪ ಕೊಟ್ಟ ಧೈರ್ಯ ಮೆಚ್ಚತಕ್ಕದ್ದು. ಆದರೆ ಈ ಹಂಚಿಕೆಯನ್ನೇ ಮಾದರಿಯೆಂದು ಇತರ ಒಪ್ಪಂದಗಳಿಗೆ ಎತ್ತಿಕೊಳ್ಳುವ ಮುನ್ನ ಅದನ್ನು ನಮ್ಮ ಶಾಲೆಗಳ ವರ್ಷದ ಪಕ್ಕದಲ್ಲಿಟ್ಟು ನೋಡಬೇಕು. ರಾಜ್ಯ ಪಠ್ಯಕ್ರಮದ ಶಾಲೆಗಳು ತೆರೆಯುವುದು ಜೂನ್ ಆಸುಪಾಸಿನಲ್ಲಿ. ಹೊಸ ತರಗತಿಗೆ ಇನ್ನೂ ಹೊಂದಿಕೊಳ್ಳುತ್ತಿರುವಾಗಲೇ ಮಗು ಮನೆ ಬದಲಿಸಬೇಕು. ವಾರ್ಷಿಕ ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಮತ್ತೊಮ್ಮೆ. ಬೇಸಿಗೆ ರಜೆ, ಯುಗಾದಿ ಪ್ರತಿವರ್ಷವೂ ತಂದೆಯ ಪಾಲಿಗೆ. ದಸರಾ ರಜೆ, ದೀಪಾವಳಿ ತಾಯಿಯ ಪಾಲಿಗೆ. ತಿಂಗಳುಗಳ ಲೆಕ್ಕದಲ್ಲಿ ಸಮಪಾಲು ಸಿಕ್ಕಿತು, ಆದರೆ ಅಜ್ಜಿಯ ಮನೆಯ ಬೇಸಿಗೆ ಒಂದು ಕಡೆಗೇ ಉಳಿಯಿತು. ತಂದೆತಾಯಿ ದೂರದ ಊರುಗಳಲ್ಲಿದ್ದರಂತೂ ಶಾಲೆಯನ್ನೇ ಬದಲಿಸಬೇಕಾದೀತು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಶಾಲಾ ವರ್ಷಪೂರ್ತಿ ಒಂದೇ ಮನೆ ನೆಲೆಯಾಗಿದ್ದು, ರಜೆ ಮತ್ತು ಹಬ್ಬಗಳನ್ನು ಸರದಿಯಂತೆ ಹಂಚಿಕೊಂಡರೆ ಎರಡೂ ಕಡೆಯ ನಂಟು ಉಳಿಯುತ್ತದೆ. ಪಾಸ್‌ಪೋರ್ಟಿಗೆ, ಶಸ್ತ್ರಚಿಕಿತ್ಸೆಗೆ ಸಹಿ ಯಾರದು, ಊರು ಬಿಡುವವರು ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನೂ ಬರೆದಿಡಬೇಕು. ಸುಪರ್ದಿಯ ಆದೇಶ ಶಾಶ್ವತವಲ್ಲವೆಂದು ಸುಪ್ರೀಂ ಕೋರ್ಟು 1973ರಲ್ಲೇ ಸ್ಪಷ್ಟಪಡಿಸಿದೆ. 26ನೆಯ ಕಲಮೂ ಬದಲಾವಣೆಗೆ ಎಡೆಯಿಟ್ಟಿದೆ, ಸಾಧ್ಯವಾದಲ್ಲೆಲ್ಲ ಮಕ್ಕಳ ಇಚ್ಛೆಯನ್ನು ಗಮನಿಸಬೇಕೆನ್ನುತ್ತದೆ. ಐದು ವರ್ಷದ ಮಗುವಿಗೆ ಹೊಂದಿದ ಏರ್ಪಾಡು ಹದಿಮೂರರ ಹುಡುಗಿಗೆ ಹೊಂದದು. ಹಾಗಾಗಿ ಮರುಪರಿಶೀಲನೆಯ ಕಾಲವನ್ನೂ ಒಪ್ಪಂದವೇ ಗೊತ್ತುಮಾಡಬೇಕು.

ಹಿಂಸೆ ನಡೆದಿರುವ ಮನೆಗಳಿಗೆ ಈ ಮಾತು ಅನ್ವಯಿಸದು. ಅಲ್ಲಿ ಮೊದಲು ಸುರಕ್ಷತೆ, ಆಮೇಲೆ ಹಂಚಿಕೆ.

ಜಂಟಿ ಸುಪರ್ದಿಗೆ ಶಾಸನದ ಬೆಂಬಲ ಬೇಕೆಂದು ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತು, ಅದು ಕಾಯ್ದೆಯಾಗಲಿಲ್ಲ. ಆದರೂ ಕಾಯಬೇಕಿಲ್ಲ. ರಾಜಿಗೆ ನೆರವಾಗುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಆ ನ್ಯಾಯಾಲಯದ ಕರ್ತವ್ಯವೇ ಆಗಿದೆ. ಕರಡು ಸಿದ್ಧಪಡಿಸುವ ವಕೀಲರೂ ಮಧ್ಯಸ್ಥಿಕೆದಾರರೂ ಜೀವನಾಂಶದ ಮೊತ್ತ ಕೇಳುವ ಮೊದಲು ಮಗುವಿನ ಶಾಲೆಯ ಕ್ಯಾಲೆಂಡರನ್ನು ಕೇಳಿ ತರಿಸಿಕೊಳ್ಳಲಿ.