ಫಿರಂಗಿಗೆ ಬಿಟ್ಟ ಬಯಲು: ಮುಂಬೈ ಫೋರ್ಟ್‌ನ ಕಥೆ

ಚರ್ಚ್‌ಗೇಟ್‌ನಲ್ಲಿ ಲೋಕಲ್ ಇಳಿದು ಫೋರ್ಟ್ ಕಡೆ ನಡೆದು ಹೋಗಿದ್ದೀರಾ? ಹೋಗಿದ್ದರೆ ಒಂದು ಪ್ರಶ್ನೆ. ಅಲ್ಲಿ ಗೇಟ್ ಎಲ್ಲಿದೆ? ಫೋರ್ಟ್ ಅಂತೀವಲ್ಲ, ಆ ಕೋಟೆಯಾದರೂ ಎಲ್ಲಿದೆ? ಗೇಟೂ ಇಲ್ಲ, ಗೋಡೆಯೂ ಇಲ್ಲ. 1860ರ ದಶಕದಲ್ಲೇ ಕೆಡವಿಬಿಟ್ಟರು. ಆದರೂ ಇವತ್ತಿನ ಮುಂಬೈಯ ಮುಖ ರೂಪಿಸಿದ್ದು ಆ ಇಲ್ಲದ ಕೋಟೆಯೇ. ಹೇಗೆ ಅಂತ ನೋಡೋಣ.

1715ರ ಕೊನೆಯಲ್ಲಿ ಚಾರ್ಲ್ಸ್ ಬೂನ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿ ಬಂದ. ಆಗ ಕೊಂಕಣ ಕರಾವಳಿಯಲ್ಲಿ ಕಂಪನಿಯ ಹಡಗುಗಳಿಗೆ ಮರಾಠಾ ನೌಕಾಪಡೆಯ ಕಾನ್ಹೋಜಿ ಆಂಗ್ರೆ ಅಂದರೆ ನಡುಕ. ಬೂನ್ ಊರಿನ ಸುತ್ತ ಗೋಡೆ ಕಟ್ಟಿಸಿದ. ದಕ್ಷಿಣಕ್ಕೆ ಅಪೊಲೊ ಗೇಟ್, ಉತ್ತರಕ್ಕೆ ಬಜಾರ್ ಗೇಟ್, ಪಶ್ಚಿಮಕ್ಕೆ ಸೇಂಟ್ ಥಾಮಸ್ ಚರ್ಚಿನ ದಾರಿಗೆ ತೆರೆಯುವ ಚರ್ಚ್ ಗೇಟ್. ಅದು ಇದ್ದದ್ದು ಈಗಿನ ಫ್ಲೋರಾ ಫೌಂಟನ್ ಹತ್ತಿರ. 1739ರಲ್ಲಿ ಮರಾಠರು ಪೋರ್ಚುಗೀಸರಿಂದ ವಸಾಯಿ ಗೆದ್ದ ಮೇಲಂತೂ ಭಯ ಇನ್ನೂ ಹೆಚ್ಚಾಯ್ತು. ಕಂದಕ ತೋಡೋಕೆ ಊರಿನ ವ್ಯಾಪಾರಿಗಳೇ 30,000 ರೂಪಾಯಿ ಕೂಡಿಸಿ ಕೊಟ್ಟರು.

ಇಲ್ಲಿ ಒಂದು ವಿಷಯ ಗಮನಿಸಿ. ಕೋಟೆ ಅಂದರೆ ಬರೀ ಗೋಡೆ ಅಲ್ಲ. ಗೋಡೆ ಮೇಲಿನ ಫಿರಂಗಿಗೆ ಎದುರಿನ ಜಾಗ ಖಾಲಿ ಇರಬೇಕು. ಮನೆ, ಮರ ಇದ್ದರೆ ಶತ್ರು ಮರೆಯಲ್ಲಿ ಹತ್ತಿರ ಬಂದುಬಿಡ್ತಾನೆ. ಹಾಗಾಗಿ ತೆಂಗಿನ ಮರ ಕಡಿದರು, ಮನೆಗಳನ್ನು ಕಿತ್ತರು. ಆ ಬಯಲಿಗೆ ಎಸ್ಪ್ಲನೇಡ್ ಅಂತ ಹೆಸರು. 1803ರಲ್ಲಿ ಕೋಟೆಯೊಳಗೆ ದೊಡ್ಡ ಬೆಂಕಿ ಬಿತ್ತು. ಅದಾದ ಮೇಲೆ ಬಯಲು ಇನ್ನೂ ವಿಸ್ತಾರವಾಯ್ತು. ಮನೆ ಕಳೆದುಕೊಂಡವರಲ್ಲಿ ಅನೇಕರು ಬಯಲಿನಾಚೆ, ಉತ್ತರಕ್ಕೆ ಹೋಗಿ ನೆಲೆಸಿದರು. ಇವತ್ತಿಗೂ ಈ ಕಡೆ ಬ್ಯಾಂಕು, ಕೋರ್ಟು, ಆ ಕಡೆ ಕಾಲ್ಬಾದೇವಿಯ ಗಿಜಿಗುಡುವ ಪೇಟೆ, ನಡುವೆ ಮೈದಾನ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಗೋಡೆಗೆ ಕೆಲಸವಿಲ್ಲ. ಒಳಗೆ ಮಾತ್ರ ಉಸಿರುಕಟ್ಟುವಷ್ಟು ಜನ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಊರಿಗೆ ದುಡ್ಡು ಹರಿದು ಬಂದ ಆ ದಿನಗಳಲ್ಲೇ ಗವರ್ನರ್ ಬಾರ್ಟಲ್ ಫ್ರೇರ್ ಗೋಡೆ ಕೆಡವಿಸಿದ. ತೆರವಾದ ಜಾಗದಲ್ಲಿ ಹೈಕೋರ್ಟ್, ಯೂನಿವರ್ಸಿಟಿ, ಹಳೆಯ ಸೆಕ್ರೆಟೇರಿಯಟ್ ಬಯಲಿಗೆ ಮುಖಮಾಡಿ ಸಾಲಾಗಿ ಎದ್ದವು. 1930ರ ದಶಕದಿಂದ ಎದುರುಗಡೆ ಆರ್ಟ್ ಡೆಕೊ ಮನೆಗಳ ಸಾಲು ಬಂತು. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಭಾಗದ 94 ಕಟ್ಟಡಗಳ ಗುಂಪು. ಆದರೆ ನಡುವೆ ಓವಲ್ ಮೈದಾನ ಖಾಲಿ ಇಲ್ಲದಿದ್ದರೆ ಆ ಎರಡು ಸಾಲು ಒಂದಕ್ಕೊಂದು ಕಾಣ್ತಾನೇ ಇರಲಿಲ್ಲ, ಅಲ್ವಾ?

ಕಂಪನಿಯ ಹಳೆಯ ಬಾಂಬೆ ಕ್ಯಾಸಲ್‌ನ ಅವಶೇಷ ಇರೋದು ನೌಕಾಪಡೆಯ ನೆಲೆಯೊಳಗೆ. ಆ ನೆಲೆಯ ಹೆಸರು ಗೊತ್ತಾ? ಐಎನ್‌ಎಸ್ ಆಂಗ್ರೆ! ಯಾರಿಗೆ ಹೆದರಿ ಗೋಡೆ ಕಟ್ಟಿದರೋ ಅವರದೇ ಹೆಸರು. ಅಲ್ಲಿಗೆ ನಾವು ನೀವು ಸುಮ್ಮನೆ ಹೋಗೋಕಾಗಲ್ಲ. ಜನರ ಪಾಲಿಗೆ ಉಳಿದದ್ದು ಬಯಲು ಮಾತ್ರ.

ಆ ಬಯಲನ್ನು ಜನ ಚೆನ್ನಾಗಿಯೇ ಬಳಸಿಕೊಂಡರು. 1988ರಲ್ಲಿ ಶಾಲಾ ಹುಡುಗರಾಗಿದ್ದ ಸಚಿನ್ ಮತ್ತು ಕಾಂಬ್ಳಿ 664 ರನ್‌ಗಳ ಜೊತೆಯಾಟ ಆಡಿದ್ದು ಆಜಾದ್ ಮೈದಾನದಲ್ಲಿ. 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ನಡೆದು ಬಂದ ರೈತರು ಬೊಬ್ಬೆ ಎದ್ದ ಕಾಲಿನಲ್ಲಿ ಬಂದು ಕೂತದ್ದೂ ಅಲ್ಲೇ. ಜನ ಹತ್ತಿರ ಬರಬಾರದು ಅಂತ ಮಾಡಿದ ಜಾಗದಲ್ಲಿ ಜನ ಸೇರಿ ಸರ್ಕಾರವನ್ನು ಪ್ರಶ್ನೆ ಕೇಳಿದರು.

ಕಟ್ಟಡಕ್ಕಾದರೆ ಹೆರಿಟೇಜ್ ಬೋರ್ಡ್ ಹಾಕಬಹುದು. ಬಯಲು ಹಾಗಲ್ಲ; ಪಾರ್ಕಿಂಗ್ ಬೇಕಾದರೂ, ಪೆಂಡಾಲ್ ಬೇಕಾದರೂ ಮೊದಲು ಕಣ್ಣು ಬೀಳೋದು ಅದರ ಮೇಲೆ, ‘ಖಾಲಿ ಇದೆಯಲ್ಲ’ ಅಂತ. ಅದು ಸುಮ್ಮನೆ ಖಾಲಿ ಬಿದ್ದ ಜಾಗ ಅಲ್ಲ. ಮನೆ ಕಳೆದುಕೊಂಡವರ ಲೆಕ್ಕವೂ ಅದರಲ್ಲಿದೆ.

ನೀವಿರುವ ಊರಲ್ಲೂ ಇಂಥ ಜಾಗ ಇದ್ದರೆ ಕಾಮೆಂಟಲ್ಲಿ ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.