ವಿರೋಧಿಯ ಸಾಕ್ಷ್ಯ

ಒಂದು ಮತ ಹೇಗೆ ಹಬ್ಬಿತೆಂಬುದನ್ನು ಅದರ ಭಕ್ತರಿಗಿಂತ ವಿರೋಧಿಯ ಬಾಯಿಂದ ಕೇಳುವುದು ಲೇಸೆಂದು ನನ್ನ ಎಣಿಕೆ. ರೋಮನ್ ಚಕ್ರವರ್ತಿ ಜೂಲಿಯನ್ ಹಳೆಯ ದೇವತೆಗಳ ಪೂಜೆಯನ್ನು ಮರಳಿ ನೆಲೆಗೊಳಿಸಹೊರಟವನು. ಕ್ರಿ.ಶ. 362ರಲ್ಲಿ ಅವನು ಗಲಾಟಿಯದ ಪ್ರಧಾನ ಅರ್ಚಕನಿಗೆ ಬರೆದ ಪತ್ರವನ್ನು ಇತಿಹಾಸಕಾರ ಸೊಜೊಮೆನ್ ಉಳಿಸಿಕೊಟ್ಟಿದ್ದಾನೆ. ಕ್ರೈಸ್ತರು ಬೆಳೆದದ್ದು ಅಪರಿಚಿತರನ್ನು ಆದರಿಸಿ, ಸತ್ತವರಿಗೆ ಮಣ್ಣುಕೊಟ್ಟು. ತಮ್ಮ ಬಡವರೊಡನೆ ನಮ್ಮ ಬಡವರನ್ನೂ ಅವರೇ ಸಲಹುತ್ತಿರುವುದು ನಾಚಿಕೆಗೇಡು ಎಂಬುದು ಅದರ ಸಾರ. ಊರೂರಿಗೂ ಛತ್ರಗಳಾಗಲೆಂದು ಆಜ್ಞಾಪಿಸಿ, ಗೋಧಿ, ದ್ರಾಕ್ಷಾರಸಗಳನ್ನೂ ಗೊತ್ತುಮಾಡಿದ. ಮರುವರ್ಷವೇ ಪರ್ಷಿಯದ ಯುದ್ಧದಲ್ಲಿ ಮಡಿದ.

ಆತಿಥ್ಯಕ್ಕೆ ಗ್ರೀಕರ ಮಾತು ‘ಫಿಲೊಕ್ಸೆನಿಯ’. ಅಪರಿಚಿತನಲ್ಲಿ ಪ್ರೀತಿ ಎಂದರ್ಥ. ಗೋಧಿಯನ್ನು ಅಪ್ಪಣೆಯಿಂದ ತರಿಸಬಹುದು. ಬಾಗಿಲು ತೆರೆದು ‘ಬನ್ನಿ, ಉಂಡು ಹೋಗಿ’ ಎನ್ನುವ ನೆರೆಯವರನ್ನು ಅಪ್ಪಣೆಯಿಂದ ತರಿಸಲಾದೀತೆ?